ರಾತ್ರಿ ಪಾಳಿ, ಹಳೆಯ ಬಸ್ಸು, ಬೆಳಗ್ಗೆ ಒಂಬತ್ತೂವರೆಯ ತರಗತಿ

ಪ್ರಶ್ನೆ: ನನಗೆ 23 ವರ್ಷ. ಹಾಸನದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಹೆವಿ ಲೈಸೆನ್ಸ್, ಬ್ಯಾಡ್ಜ್ ಎರಡೂ ಇವೆ. ಕಾರ್ಖಾನೆಯ ಕಾರ್ಮಿಕರನ್ನು ಸಾಗಿಸುವ ಖಾಸಗಿ ಬಸ್ಸೊಂದಕ್ಕೆ ಎಂಟು ತಿಂಗಳಿಂದ ರಾತ್ರಿ ಚಾಲಕನಾಗಿದ್ದೇನೆ. ರಾತ್ರಿ 9ಕ್ಕೆ ಗಾಡಿ ತೆಗೆದು, ಎರಡನೇ ಪಾಳಿಯವರನ್ನು ಹಗರೆ, ಬೇಲೂರು ದಾಟಿ ಬಿಕ್ಕೋಡಿನವರೆಗೆ ಬಿಟ್ಟು, 12.30ರ ಸುಮಾರಿಗೆ ಬೇಲೂರಿನಲ್ಲಿ ನಿಲ್ಲಿಸುತ್ತೇನೆ. 4.15ಕ್ಕೆ ಹೊರಟು ಮೊದಲ ಪಾಳಿಯವರನ್ನು ಹತ್ತಿಸಿಕೊಂಡು 6ರೊಳಗೆ ಕಾರ್ಖಾನೆ ಸೇರಬೇಕು. ನಡುವಿನ ಬಿಡುವಿನಲ್ಲಿ ಗಾಡಿಯ ಒಳಗಿನ ದೀಪ ಹಾಕಿಕೊಂಡು ಓದುತ್ತೇನೆ. 7ರಿಂದ 9ರವರೆಗೆ ನಿದ್ದೆ, 9.30ಕ್ಕೆ ಕಾಲೇಜು, ಮಧ್ಯಾಹ್ನದ ಮೇಲೆ ಮೂರು ನಾಲ್ಕು ಗಂಟೆ ನಿದ್ದೆ. ತಿಂಗಳಿಗೆ ಎರಡು ಸಲ, ರಜೆಯಿರುವ ಶನಿವಾರ ರಾತ್ರಿ, ಅದೇ ಗಾಡಿಯಲ್ಲಿ ಬಾಡಿಗೆ ಯಾತ್ರಿಕರನ್ನು ಕರೆದುಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುತ್ತೇನೆ. ಗಾಡಿಗೆ 14 ವರ್ಷ. ನಿಲ್ಲಿಸಿದ್ದಲ್ಲೇ ಬ್ರೇಕಿನ ಏರ್ (ಬ್ರೇಕ್ ನಡೆಸುವ ಗಾಳಿಯ ಒತ್ತಡ) ಇಳಿದುಹೋಗುತ್ತದೆ, ಹೆಡ್‌ಲೈಟ್ ಮಂಕು, ಸೆಲ್ಫ್ ಕೆಲವೊಮ್ಮೆ ಎತ್ತುವುದಿಲ್ಲ, ಮುಂದಿನ ಒಂದು ಟೈರು ರೀಟ್ರೆಡ್ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿದ್ದು). ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಚಾಲ್ತಿಯಲ್ಲಿದೆ, ಏರ್ ಹೋದರೂ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ, ಭಯ ಬೇಡ ಎನ್ನುತ್ತಾರೆ ಮಾಲೀಕರು. ಬೆಳಗಿನ ಟ್ರಿಪ್ಪಿನಲ್ಲಿ ಎರಡು ಸಲ ಹಗರೆ ದಾಟಿದ್ದೇ ನನಗೆ ನೆನಪಿಲ್ಲ. ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎಂದು ಹಿರಿಯ ಚಾಲಕರು ಹೇಳುತ್ತಾರೆ. ನಿಜವೇ? ಏನಾದರೂ ಆದರೆ ಹೊಣೆ ಯಾರದು? ನನ್ನ ಶುಲ್ಕ, ತಂಗಿಯ ಹಾಸ್ಟೆಲ್ ಖರ್ಚು ಈ ಸಂಬಳದಲ್ಲೇ ನಡೆಯುತ್ತಿವೆ. ಕೆಲಸ ಬಿಡಲೇಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬ್ರೇಕಿನ ಏರ್, ಮಂಕು ದೀಪ, ರೀಟ್ರೆಡ್ ಟೈರು, ಇವೆಲ್ಲ ವರ್ಕ್‌ಶಾಪಿನಲ್ಲಿ ನಾನು ದಿನವೂ ಕೇಳುತ್ತಿದ್ದ ದೂರುಗಳೇ. ಹಗರೆ ದಾಟಿದ್ದು ನೆನಪಿಲ್ಲ ಎಂಬ ಮಾತನ್ನು ಮಾತ್ರ ನೀವು ನಡುವೆ ಸೇರಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ನಾನು ವೈದ್ಯನಲ್ಲ. ಬಸ್ ಚಾಲಕನಾಗಿ ಕೆಲಸಕ್ಕೆ ಸೇರಿ, ಆಮೇಲೆ ವರ್ಕ್‌ಶಾಪಿನಲ್ಲಿದ್ದು, ಕೊನೆಯ ಹದಿನೈದು ವರ್ಷ ಹೊಸ ಚಾಲಕರಿಗೆ ತರಬೇತಿ ಕೊಟ್ಟವನು. ಆ ಅನುಭವದಿಂದ ಬರೆಯುತ್ತಿದ್ದೇನೆ.

ದಾಟಿದ ಊರು ನೆನಪಿಲ್ಲದಿರುವುದಕ್ಕೆ ಎರಡು ಕಾರಣಗಳಿರಬಹುದು. ದಿನವೂ ಓಡಾಡುವ ರಸ್ತೆಯಲ್ಲಿ ಕೈಕಾಲು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದು ಮನಸ್ಸು ಬೇರೆಲ್ಲೋ ಇರುವುದು ಒಂದು. ಕಣ್ಣು ತೆರೆದಿದ್ದಂತೆಯೇ ಮೆದುಳು ಕೆಲವು ಸೆಕೆಂಡು ನಿದ್ದೆಗೆ ಜಾರುವುದು ಇನ್ನೊಂದು. ಸೀಟಿನಲ್ಲಿ ಕುಳಿತವನಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಬೆಳಗಿನ ಜಾವ 5ರ ಹೊತ್ತಿಗೆ, ತುಂಡು ನಿದ್ದೆಯ ಮೇಲೆ ಬದುಕುತ್ತಿರುವ ಚಾಲಕನಿಗೆ ಇದು ಎರಡು ಸಲ ಆಗಿದೆಯೆಂದರೆ, ಅದನ್ನು ನಿದ್ದೆಯೆಂದೇ ಎಣಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬಸ್ಸು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಮುಂದೆ ಹೋಗುತ್ತದೆ. ನಾಲ್ಕು ಸೆಕೆಂಡಿನ ಜೊಂಪು ಹತ್ತಿದರೆ 65 ಮೀಟರಿಗೂ ಹೆಚ್ಚು ದೂರ ಆ ಬಸ್ಸಿಗೆ ಚಾಲಕನೇ ಇರುವುದಿಲ್ಲ.

ಅಭ್ಯಾಸವಾಗುತ್ತದೆ ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ, ಆದರೆ ಅವರಿಗೆ ಅಭ್ಯಾಸವಾಗಿರುವುದು ತೂಕಡಿಕೆಯನ್ನು ಸಹಿಸುವುದು. ನಮ್ಮ ದೇಹದೊಳಗಿನ ಗಡಿಯಾರ ಸೂರ್ಯನ ಬೆಳಕನ್ನು ನೋಡಿ ನಡೆಯುವಂಥದ್ದು. ಬೆಳಗಿನ ಜಾವ 2ರಿಂದ 5ರವರೆಗೆ ಅದು ದೇಹವನ್ನು ಎಲ್ಲಕ್ಕಿಂತ ಕೆಳಮಟ್ಟಕ್ಕೆ ಇಳಿಸಿರುತ್ತದೆ. ಪಾಳಿ ಮುಗಿಸಿ ಬಿಸಿಲಿಗೆ ಬಂದ ಕೂಡಲೇ ಆ ಗಡಿಯಾರ ಮತ್ತೆ ಹಗಲಿಗೆ ಹೊಂದಿಕೊಳ್ಳುವುದರಿಂದ, ಹತ್ತು ವರ್ಷ ರಾತ್ರಿ ಕೆಲಸ ಮಾಡಿದವರಲ್ಲೂ ಅದು ಪೂರ್ತಿ ತಿರುಗುವುದು ಅಪರೂಪ. ನಿಮ್ಮ ವಿಷಯದಲ್ಲಂತೂ ಕಾಲೇಜು ಇರುವುದರಿಂದ ತಿರುಗುವ ಮಾತೇ ಇಲ್ಲ. ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡುವುದು, ಹಾಡು ಜೋರು ಮಾಡುವುದು, ಮುಖ ತೊಳೆಯುವುದು, ತುಟಿಯೊಳಗೆ ತಂಬಾಕು ಇಡುವುದು, ಇವುಗಳಿಂದ ಎಚ್ಚರವಾದಂತೆ ಅನ್ನಿಸುವುದು ಕೆಲವೇ ನಿಮಿಷ. ತಂಬಾಕು ಆಮೇಲಿನ ಹಗಲು ನಿದ್ದೆಯನ್ನೂ ಕೆಡಿಸುತ್ತದೆ. ಕಾಫಿ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಕುಡಿದ ಇಪ್ಪತ್ತು ಮೂವತ್ತು ನಿಮಿಷದ ನಂತರ. ಮತ್ತು ಐದು ಗಂಟೆಯಾದರೂ ಅದರ ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಆದ್ದರಿಂದ 3.45ಕ್ಕೆ ಕುಡಿದ ಕಾಫಿ ನಿಮ್ಮನ್ನು ಕಾಯುತ್ತದೆ, ಗಾಡಿ ಬಿಟ್ಟು 6.30ಕ್ಕೆ ಕುಡಿದದ್ದು ನಿಮ್ಮ ಎರಡು ಗಂಟೆಯ ನಿದ್ದೆಯನ್ನು ತಿನ್ನುತ್ತದೆ.

ಈಗ ಗಾಡಿಯ ವಿಷಯ. ಎಫ್‌ಸಿ ಇದೆ ಎಂಬುದರ ಅರ್ಥ, ತಪಾಸಣೆಯ ದಿನ ಗಾಡಿ ಸರಿಯಿತ್ತು ಎಂದಷ್ಟೆ. ಎಂಟು ವರ್ಷ ದಾಟಿದ ಬಸ್ಸಿಗೆ ಅದನ್ನು ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಉಳಿದ 364 ದಿನದ ತಪಾಸಣೆ ಸೀಟಿನಲ್ಲಿ ಕೂರುವವನದು. ಏರ್ ಹೋದರೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ ಎಂಬ ನಿಮ್ಮ ಮಾಲೀಕರ ಮಾತು ಅರ್ಧ ಸತ್ಯ. ಹಿಂದಿನ ಚಕ್ರಗಳಲ್ಲಿ ಸ್ಪ್ರಿಂಗ್ ಬ್ರೇಕ್ ಇರುವ ಗಾಡಿಗಳಲ್ಲಿ ಒತ್ತಡ ಇಳಿದಂತೆ, ಗಾಳಿ ಅದುಮಿ ಹಿಡಿದಿದ್ದ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕನ್ನು ಒತ್ತುತ್ತದೆ ಎಂಬುದು ನಿಜ. ಆದರೆ ಅದು ಗಾಡಿಯನ್ನು ನಿಂತಲ್ಲಿ ಹಿಡಿದಿಡಲು ಮಾಡಿದ ವ್ಯವಸ್ಥೆ; ಓಡುವ ಗಾಡಿಯಲ್ಲಿ ಅದು ಮೊದಲು ಸವರುತ್ತಾ ಚಕ್ರದ ಬ್ರೇಕ್ ಡ್ರಮ್ಮನ್ನು ಕಾಯಿಸುತ್ತದೆ. ಎರಡನೆಯದಾಗಿ, ದಾರಿಯಲ್ಲಿ ಏರ್ ಹೋಗಿ ಚಕ್ರ ಹಿಡಿದುಕೊಂಡ ಗಾಡಿಯನ್ನು ಸರಿಸಲು ಮೆಕ್ಯಾನಿಕ್‌ಗಳು ಆ ಸ್ಪ್ರಿಂಗನ್ನು ಒಂದು ಬೋಲ್ಟ್ ಹಾಕಿ ಎಳೆದು ಕಟ್ಟುತ್ತಾರೆ. ಶೆಡ್ಡಿಗೆ ಬಂದ ಮೇಲೆ ಅದನ್ನು ಬಿಚ್ಚಲು ಮರೆತರೆ, ಆ ಚಕ್ರಕ್ಕೆ ಸ್ಪ್ರಿಂಗ್ ಬ್ರೇಕ್ ಇಲ್ಲವೆಂದೇ ಲೆಕ್ಕ, ಮತ್ತು ಅದು ಯಾರಿಗೂ ಗೊತ್ತಿರುವುದಿಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಚಾಲಕನಾಗಿ ನನ್ನ ಮೂರನೇ ವರ್ಷದಲ್ಲಿ, ಸತತ ಎರಡನೇ ಡ್ಯೂಟಿ ಮಾಡುತ್ತಾ, ಬೆಳಗಿನ ಜಾವ ಮೂಡಿಗೆರೆ ಕಡೆಯಿಂದ ಬೇಲೂರಿಗೆ ಖಾಸಗಿ ಬಸ್ಸೊಂದನ್ನು ತರುತ್ತಿದ್ದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಗೇರ್ ಇಳಿಸಿ, ಎಡಗಡೆಯ ದರೆಗೆ ಮೈ ಉಜ್ಜಿಸಿ ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸಿನ ಹಲ್ಲು ಮುರಿಯಿತು, ಇನ್ನೊಬ್ಬರ ಹಣೆ ಒಡೆಯಿತು. ಬೆಳಕಾದ ಮೇಲೆ ನೋಡಿದರೆ ಏರ್ ಪೈಪಿನಲ್ಲಿ ಸಣ್ಣ ಬಿರುಕು. ಹಿಂದಿನ ಎರಡೂ ಸ್ಪ್ರಿಂಗಿಗೆ ಬೋಲ್ಟ್ ಹಾಕಿಯೇ ಇತ್ತು. ಒತ್ತಡ ಇಳಿದಾಗ ಕೂಗಬೇಕಾದ ಬಜರ್‌ನ ವೈರನ್ನು, ಸದಾ ಕೂಗುತ್ತದೆಂದು, ಯಾರೋ ಕತ್ತರಿಸಿ ತುದಿಗೆ ಕಪ್ಪು ಟೇಪ್ ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ಮಡಿಸಿಟ್ಟಿದ್ದರು. ಇಷ್ಟಾದರೂ ಏರ್ ಒಂದೇ ಸಲ ಹೋಗಿರಲಿಲ್ಲ. ಐದಾರು ಕಿಲೋಮೀಟರಿನಿಂದ ಏರ್ ಮೀಟರಿನ ಮುಳ್ಳು ಇಳಿಯುತ್ತಲೇ ಇದ್ದಿರಬೇಕು. ನನ್ನ ಕಣ್ಣೆದುರೇ ಇದ್ದ ಮುಳ್ಳನ್ನು ನಾನು ನೋಡಿರಲಿಲ್ಲ.

ನೀವು ನಿದ್ದೆಯನ್ನು ಒಂದು ತೊಂದರೆ, ಗಾಡಿಯನ್ನು ಇನ್ನೊಂದು ತೊಂದರೆ ಎಂದು ಬೇರೆಬೇರೆಯಾಗಿ ಬರೆದಿದ್ದೀರಿ. ಕೆಟ್ಟ ಗಾಡಿ ಕೈಕೊಡುವ ಮೊದಲು ಸೂಚನೆ ಕೊಡುತ್ತದೆ: ಮುಳ್ಳು ಇಳಿಯುತ್ತದೆ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಎಂದಿಗಿಂತ ಅರ್ಧ ಇಂಚು ಹೆಚ್ಚು ಕೆಳಗೆ ಹೋಗುತ್ತದೆ. ನಿದ್ದೆಗೆಟ್ಟವನಿಂದ ಮೊದಲು ಕೈತಪ್ಪುವುದು ಇಂಥ ಸಣ್ಣ ಸೂಚನೆಗಳೇ. ಚೆನ್ನಾಗಿ ಮಲಗಿದ ಚಾಲಕ ಹಳೆಯ ಗಾಡಿಯನ್ನು ಸಂಭಾಳಿಸಬಲ್ಲ, ಹೊಸ ಗಾಡಿ ದಣಿದ ಚಾಲಕನನ್ನು ಸ್ವಲ್ಪ ಮಟ್ಟಿಗೆ ಕಾಪಾಡಬಲ್ಲದು. ಎರಡೂ ಒಂದೇ ರಾತ್ರಿ ಸೇರಬಾರದು.

ಹಾಗಾಗಿ ಮೊದಲು ಬದಲಾಗಬೇಕಾದದ್ದು ಬೇಲೂರಿನಲ್ಲಿ ನೀವು ಕಳೆಯುವ ಮೂರೂಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಓದಿದ್ದು ತಲೆಯಲ್ಲಿ ಉಳಿಯುವುದೂ ಕಡಿಮೆ. ಅಷ್ಟೇ ಅಲ್ಲ, ಒಳಗಿನ ದೀಪ ಹಾಕಿಕೊಂಡು ಕೂರುವುದು ನಿಮ್ಮ ದುರ್ಬಲ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಬೆಳಗ್ಗೆ ಸೆಲ್ಫ್ ಎತ್ತದಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ರಾತ್ರಿ 1 ಗಂಟೆಗೆ ಮೊದಲೇ ದೀಪ ಆರಿಸಿ ಮಲಗಿರಿ, 3.15ಕ್ಕೆ ಎದ್ದೇಳಿ. ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯಬೇಡಿ. ಆಳವಾದ ನಿದ್ದೆಯಿಂದ ಎದ್ದ ಮೇಲೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಮಂಪರು ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಗಾಡಿಯನ್ನು ಒಂದು ಸುತ್ತು ನೋಡಿ. ಸೆಲ್ಫ್ ಎತ್ತುವುದಿಲ್ಲವೆಂಬ ಭಯಕ್ಕೆ ಎಂಜಿನ್ ಚಾಲೂ ಇಟ್ಟು, ಕಿಟಕಿ ಮುಚ್ಚಿ ಮಲಗುವ ಚಾಲಕರನ್ನು ನಾನು ನೋಡಿದ್ದೇನೆ. ಸೈಲೆನ್ಸರ್ ಸೋರುವ ಹಳೆಯ ಗಾಡಿಯಲ್ಲಿ ಆ ಹೊಗೆ ಒಳಗೆ ಸೇರಿದರೆ ಎಚ್ಚರವೇ ಆಗದಿರಬಹುದು. ದಯವಿಟ್ಟು ಅದನ್ನು ಯಾವ ಚಳಿಯಲ್ಲೂ ಮಾಡಬೇಡಿ.

ಏರ್ ಪರೀಕ್ಷೆ ಹೀಗೆ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಸಿದುಬಿಡಿ. ಎಂಜಿನ್ ಓಡಿಸಿ ಏರ್ ಪೂರ್ತಿ ಏರಿಸಿ, ಚಕ್ರಕ್ಕೆ ಮರದ ಅಡ್ಡಗಟ್ಟೆ ಕೊಟ್ಟು ಎಂಜಿನ್ ನಿಲ್ಲಿಸಿ. ಪೆಡಲ್ ಪೂರ್ತಿ ಒತ್ತಿ ಹಿಡಿದು ಒಂದು ನಿಮಿಷ ಮುಳ್ಳನ್ನು ನೋಡಿ: ಮೊದಲು ಸ್ವಲ್ಪ ಇಳಿದು ನಿಂತರೆ ಸರಿ; ಕಣ್ಣಿಗೆ ಕಾಣುವಂತೆ ಇಳಿಯುತ್ತಲೇ ಹೋದರೆ ಬ್ರೇಕ್ ಚೇಂಬರಿನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಅಥವಾ ಅದರ ಹೋಸ್ ಹರಿದಿರುವ ಸಾಧ್ಯತೆ ಹೆಚ್ಚು, ಆ ಗಾಡಿ ಹೊರಡಬಾರದು. ಪೆಡಲ್ ಒತ್ತದಿದ್ದಾಗಲೂ ಇಳಿಯುತ್ತಿದ್ದರೆ ಪೈಪಿನ ಜಾಯಿಂಟ್ ಅಥವಾ ವಾಲ್ವ್‌ಗಳಲ್ಲಿ ಸೋರಿಕೆ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ತಾನೇ ತೋರಿಸುತ್ತದೆ. ನಿಮ್ಮ ಗಾಡಿಯದು ಈ ಎರಡನೇ ಬಗೆಯೆಂದು ಪತ್ರದಿಂದ ಅನ್ನಿಸುತ್ತದೆ, ಮೊದಲನೆಯದೂ ಜೊತೆಗಿದೆಯೇ ಎಂದು ಈ ಪರೀಕ್ಷೆಯೇ ಹೇಳಬೇಕು. ಇವುಗಳ ಬಿಡಿಭಾಗ ದುಬಾರಿಯಲ್ಲ. ಮಾಲೀಕರು ಮುಂದೂಡುವುದು ಗಾಡಿ ಒಂದು ದಿನ ನಿಲ್ಲುತ್ತದೆ ಎಂಬ ಕಾರಣಕ್ಕೆ. ಬಜರ್ ಕೂಗುತ್ತದೆಯೇ ಎಂದೂ ಇವತ್ತೇ ನೋಡಿ, ಸ್ಪ್ರಿಂಗ್ ಚೇಂಬರಿನ ಬೋಲ್ಟನ್ನು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ.

ದೀಪ ಮಂಕಾಗಿರುವುದಕ್ಕೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್‌ನೇಟರಿನ ಬೆಲ್ಟ್ ಸಡಿಲವಿರುವುದು, ಅರ್ತಿಂಗ್ ತುಕ್ಕು ಹಿಡಿದಿರುವುದು ಸಾಮಾನ್ಯ ಕಾರಣಗಳು. ಬಿಕ್ಕೋಡಿನ ಸುತ್ತ ಆನೆಗಳು ರಸ್ತೆ ದಾಟುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಮಂಜಿನ ಬೆಳಗಿನಲ್ಲಿ ಆ ಕಪ್ಪು ಮೈ ಮಂಕು ದೀಪಕ್ಕೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮುಂದಿನ ರೀಟ್ರೆಡ್ ಟೈರನ್ನು ಹಿಂದಕ್ಕೆ ಹಾಕಿಸಿ. ಹಿಂದೆ ಜೋಡಿ ಚಕ್ರವಿರುವುದರಿಂದ ಒಂದು ಕಿತ್ತರೂ ಇನ್ನೊಂದು ಹೊರುತ್ತದೆ, ಮುಂದೆ ಕಿತ್ತರೆ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ.

ಶನಿವಾರದ ಧರ್ಮಸ್ಥಳದ ಟ್ರಿಪ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಈಗಿರುವ ಸ್ಥಿತಿಯಲ್ಲಿ ಅದನ್ನು ನಿಲ್ಲಿಸಿ. ಬೆಳಗ್ಗೆ 9ಕ್ಕೆ ಎದ್ದು ಮಧ್ಯಾಹ್ನ ಮಲಗದೆ ಹೊರಟರೆ, ನಡುರಾತ್ರಿ ದಾಟಿ ಘಾಟಿ ಇಳಿದು ಗುಂಡ್ಯ ತಲುಪುವ 2 ಗಂಟೆಯ ಹೊತ್ತಿಗೆ ನೀವು 17 ಗಂಟೆ ಎಚ್ಚರವಿದ್ದಂತಾಗುತ್ತದೆ. 17 ಗಂಟೆ ಎಚ್ಚರವಿದ್ದವರ ಚುರುಕುತನ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವರ ಮಟ್ಟಕ್ಕೆ ಇಳಿದಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದ್ದಾರೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಹನಿ ಮುಟ್ಟದೆಯೂ ನೀವು ಕುಡಿದವರಂತೆ ಘಾಟಿ ಇಳಿಸುತ್ತಿದ್ದೀರಿ. ಶಿರಾಡಿಯಂಥ ಉದ್ದದ ಇಳಿಜಾರಿನಲ್ಲಿ ಏರ್ ಪೂರ್ತಿ ಇದ್ದರೂ ಬ್ರೇಕ್ ಕೈಕೊಡುವುದುಂಟು: ಸದಾ ಒತ್ತುತ್ತಿದ್ದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಕಡಿಮೆಯಾಗುತ್ತದೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಮಾತು ಇಂದಿಗೂ ಸರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರು ಏನನ್ನೂ ಉಳಿಸುವುದಿಲ್ಲ, ಏಕೆಂದರೆ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಂತಿರುತ್ತದೆ. ಇನ್ನೊಂದು ಮಾತನ್ನು ಮಾಲೀಕರಲ್ಲಿ ಕೇಳಿ ತಿಳಿಯಿರಿ: ಈ ಬಸ್ಸಿನ ಪರ್ಮಿಟ್ ಯಾವುದು? ಸಂಸ್ಥೆಯ ಸ್ವಂತ ಸಿಬ್ಬಂದಿಗೆಂದು ಪಡೆದ ಪರ್ಮಿಟ್ಟಿನಲ್ಲಿ ಬಾಡಿಗೆ ಯಾತ್ರಿಕರನ್ನು ಕೊಂಡೊಯ್ಯುವಂತಿಲ್ಲ, ಅಪಘಾತವಾದರೆ ವಿಮಾ ಕಂಪನಿ ಅದನ್ನೇ ಎತ್ತಿ ಹಿಡಿಯಬಹುದು.

ಹೊಣೆ ಯಾರದು ಎಂದು ಕೇಳಿದ್ದೀರಿ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ದೋಷವಿರುವ ವಾಹನವನ್ನು ಓಡಿಸಿದವನನ್ನೂ ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ದೋಷ ಗೊತ್ತಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತು ಎನ್ನುವಂತಿದ್ದರೂ ಸಾಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸೆರೆವಾಸವಾಗಬಹುದು, ಮತ್ತು ಆ ಮೊಕದ್ದಮೆಯಲ್ಲಿ ಮೊದಲ ಹೆಸರು ಚಾಲಕನದೇ. ಪರಿಹಾರದ ಹಣ ಸಾಮಾನ್ಯವಾಗಿ ಮಾಲೀಕರ ಮತ್ತು ವಿಮೆಯ ಮೇಲೆ ಬರುತ್ತದೆ, ಸೆರೆವಾಸ ಹಾಗಲ್ಲ. ಮಾಲೀಕರಿಗೆ ಹೇಳಿದ್ದೆ ಎಂಬುದು ನಿಮ್ಮನ್ನು ಪೂರ್ತಿ ಬಿಡಿಸುವುದಿಲ್ಲ, ಆದರೆ ಬಹಳ ನೆರವಾಗುತ್ತದೆ. ಆದ್ದರಿಂದ ದೂರನ್ನು ಬಾಯಿಮಾತಿನಲ್ಲಿ ಬಿಡದೆ, ದಿನಾಂಕ, ಗಾಡಿ ಸಂಖ್ಯೆ ಹಾಕಿ ಎರಡು ಸಾಲು ಬರೆದು, ಮುಳ್ಳು ಕೆಳಗಿರುವ ಮೀಟರಿನ ಚಿತ್ರದೊಂದಿಗೆ ವಾಟ್ಸಾಪಿನಲ್ಲಿ ಕಳಿಸಿಡಿ.

ವಿಶ್ರಾಂತಿಯ ಬಗ್ಗೆ, 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟಿದ್ದ ಅಳತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಎರಡು ಡ್ಯೂಟಿಗಳ ನಡುವೆ ಸತತ 9 ಗಂಟೆ ಬಿಡುವು, ವಾರಕ್ಕೊಂದು ರಜೆ. ಬಿಡುವಿನ ಲೆಕ್ಕದಲ್ಲಿ ನಿಮ್ಮ ಮಾಲೀಕರ ತಪ್ಪಿಲ್ಲ: 6.30ಕ್ಕೆ ಬಿಟ್ಟು 9ಕ್ಕೆ ಬರುವ ನಿಮಗೆ ಹದಿನಾಲ್ಕೂವರೆ ಗಂಟೆ ಸಿಗುತ್ತದೆ. ಆ ಹೊತ್ತನ್ನು ಕಾಲೇಜು ತೆಗೆದುಕೊಳ್ಳುತ್ತಿದೆ ಎಂಬುದು ಅವರ ಪುಸ್ತಕದಲ್ಲಿ ಕಾಣುವುದಿಲ್ಲ. ಅದನ್ನು ಅವರಿಗೆ ನೀವೇ ಹೇಳಬೇಕು. ಶನಿವಾರದ ಟ್ರಿಪ್ ಮಾತ್ರ ನಿಮ್ಮ ವಾರದ ರಜೆಯನ್ನೇ ನುಂಗುತ್ತಿದೆ.

ಕೆಲಸ ಬಿಡಲೇಬೇಕೇ? ತಕ್ಷಣ ಬೇಡ, ಆದರೆ ಈಗಿನಂತೆ ಮುಂದುವರಿಸಲೂ ಬೇಡ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಡ್ಯೂಟಿಯನ್ನು ಇಬ್ಬರಿಗೆ ಹಂಚಲು ಕೇಳುತ್ತಿದ್ದೆ. ಗಾಡಿ ಹೇಗೂ ಬೇಲೂರಿನಲ್ಲಿ ನಿಲ್ಲುವುದರಿಂದ, ಅಲ್ಲಿಯೇ ಮನೆಯಿರುವ ಚಾಲಕರೊಬ್ಬರು ಬೆಳಗಿನ ಟ್ರಿಪ್ ತೆಗೆದುಕೊಂಡರೆ, ರಾತ್ರಿಯ ಟ್ರಿಪ್ ಮುಗಿಸಿದ ನೀವು ಅಲ್ಲೇ ಒಂದು ಕೋಣೆಯಲ್ಲಿ ಬೆಳಗ್ಗೆ 7ರವರೆಗೆ ಮಲಗಿ, ಬಸ್ಸು ಹಿಡಿದು ತರಗತಿಗೆ ಬರಬಹುದು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಂಗಿಯ ಹಾಸ್ಟೆಲ್ ಖರ್ಚಿಗೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಅವಳ ಕಾಲೇಜಿನಲ್ಲಿ ಈ ತಿಂಗಳೇ ವಿಚಾರಿಸಿ. ಡ್ಯೂಟಿ ಹಂಚುವುದು ಆಗದಿದ್ದರೆ ಎರಡನೇ ದಾರಿ, ಏರ್ ಸೋರಿಕೆ, ಮುಂದಿನ ಟೈರು, ದೀಪ, ಈ ಮೂರಕ್ಕೆ ಒಂದು ದಿನಾಂಕ ಹಾಕಿ, ಅಲ್ಲಿಯವರೆಗೆ ಬೇಲೂರಿನ ನಿದ್ದೆ ತಪ್ಪಿಸದೆ, ಘಾಟಿ ಟ್ರಿಪ್ ಇಲ್ಲದೆ ಮುಂದುವರಿಯುವುದು. ಇದರಲ್ಲಿ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ದಾರಿಯಲ್ಲಿ ಒಂದೇ ಕಡೆಗೆ ದೃಷ್ಟಿ ನೆಟ್ಟಂತಾದರೆ, ಗೇರ್ ಬದಲಿಸಲು ತಡವಾದರೆ, ಪಟ್ಟಿಯ ಆಚೆ ಚಕ್ರ ಹೋದದ್ದು ಸದ್ದಿನಿಂದ ತಿಳಿದರೆ, ಹಗರೆಯಲ್ಲಿ ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಪಾಳಿಗೆ ತಡವಾಯಿತೆಂದು ಕಾರ್ಖಾನೆಯಲ್ಲಿ ಯಾರಾದರೂ ಕೂಗಾಡಿದರೆ ಕೂಗಾಡಲಿ.

ಮಾಲೀಕರು ಹೇಳಿದ ದಿನಾಂಕ ದಾಟಿದರೆ, ಅಥವಾ ಬಜರ್‌ನ ವೈರ್ ಕತ್ತರಿಸಿದ್ದು ಕಂಡು ಅದನ್ನು ಸರಿಮಾಡಿಸಲು ಅವರು ಒಪ್ಪದಿದ್ದರೆ, ಆ ದಿನವೇ ಬಿಡಿ. ಹೆವಿ ಲೈಸೆನ್ಸ್ ಇರುವ ಓದಿದ ಹುಡುಗನಿಗೆ ಹಾಸನದಲ್ಲಿ ಶಾಲಾ ವಾಹನ, ಹಗಲಿನ ಸರಕು ಗಾಡಿ, ವಾರಾಂತ್ಯದ ಬದಲಿ ಡ್ಯೂಟಿ ಸಿಗುವುದು ಕಷ್ಟವಲ್ಲ, ಸಂಬಳ ಕಡಿಮೆಯಿದ್ದೀತು. ಬಿಡುವ ಮೊದಲು ಬಾಕಿ ಸಂಬಳದ ಲೆಕ್ಕವನ್ನು ಬರೆದು ಕಳಿಸಿ. ಕೆಲಸಕ್ಕೆ ಸೇರುವಾಗ ಲೈಸೆನ್ಸಿನ ಮೂಲ ಪ್ರತಿಯನ್ನು ಇಟ್ಟುಕೊಳ್ಳುವ ಮಾಲೀಕರಿದ್ದಾರೆ. ನಿಮ್ಮದು ಅವರ ಬಳಿಯಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ವಾಪಸ್ ಪಡೆಯಿರಿ.